ಕ್ಲೆಮ್ ಲೆಮ್ಕೆಯ ಓಟು

ಆ ಮಂಗಳವಾರ ಬೆಳಿಗ್ಗೆ ಮತಗಟ್ಟೆಯ ಸಾಲಿನಲ್ಲಿ ನಿಂತಾಗ ಮುಂದೆ ಏನಾಗಲಿದೆ ಎಂಬುದು ಮಾರ್ಲಿಸ್ ಲೆಮ್ಕೆಗೆ ಗೊತ್ತಿತ್ತು. ಗೊತ್ತಿದ್ದೂ ಗೊತ್ತಿಲ್ಲದವಳ ಹಾಗೆ ತಮ್ಮ ಕ್ಲೆಮ್‌ನ ಪಕ್ಕದಲ್ಲಿ ನಿಂತಿದ್ದಳು.

ಏಪ್ರಿಲ್ ಬಂದಿದ್ದರೂ ಆಲ್ಡರ್ ಫಾಲ್ಸ್‌ನ ರಸ್ತೆಬದಿಯಲ್ಲಿ ಹಿಮ ಕೊಳಕು ಗುಡ್ಡೆಗಳಾಗಿ ಉಳಿದಿತ್ತು. ಅಗ್ನಿಶಾಮಕ ಠಾಣೆಯವರು ತಮ್ಮ ಎರಡು ಕೆಂಪು ಬಂಡಿಗಳನ್ನು ಹೊರಗೆ ನಿಲ್ಲಿಸಿ, ಒಳಗಿನ ಸಿಮೆಂಟು ನೆಲ ತೊಳೆದು, ಮತಗಟ್ಟೆಗೆ ಜಾಗ ಮಾಡಿಕೊಟ್ಟಿದ್ದರು. ಅಧ್ಯಕ್ಷ ಸ್ಥಾನಕ್ಕೆ ಪಕ್ಷಗಳಿಂದ ಯಾರು ನಿಲ್ಲಬೇಕೆಂದು ವಿಸ್ಕಾನ್ಸಿನ್‌ನ ಜನ ಹೇಳಬೇಕಾದ ದಿನ ಅದು. ಕ್ಲೆಮ್ ಬೆಳಿಗ್ಗೆ ಐದೂವರೆಗೇ ಎದ್ದು ಟೈ ಸಿಕ್ಕಿಸಿಕೊಂಡು ಅಡುಗೆಮನೆಯಲ್ಲಿ ಕೂತಿದ್ದ. ಅವನಿಗೆ ಮೂವತ್ತೆಂಟು ವರ್ಷ. ಹುಟ್ಟಿನಿಂದ ಡೌನ್ ಸಿಂಡ್ರೋಮ್ ಇದ್ದ ಅವನು ಕುಳ್ಳಗೆ, ದುಂಡಗೆ, ನಡೆಯುವಾಗ ಕೊಂಚ ಮುಂದಕ್ಕೆ ಬಾಗಿದಂತೆ ಇದ್ದ. ಮಾತು ನಿಧಾನ. ಆದರೆ ಹಿಡಿದ ದಿನ ಬಿಡುವವನಲ್ಲ. ಹುಟ್ಟುಹಬ್ಬ, ಕಸದ ಗಾಡಿ ಬರುವ ದಿನ, ಓಟಿನ ದಿನ, ಎಲ್ಲ ಅವನ ತಲೆಯಲ್ಲಿರುತ್ತಿದ್ದವು. ಈ ಸಲ ಮರೆತಿರಬಹುದು ಎಂದು ಮಾರ್ಲಿಸ್ ಆಸೆಪಟ್ಟಿದ್ದಳು. ಟೈ ನೋಡಿದ ಮೇಲೆ ಆಸೆ ಬಿಟ್ಟಳು. ಕೋರ್ಟಿನ ಕಾಗದ ಇನ್ನೂ ಮತಗಟ್ಟೆಗೆ ತಲುಪಿರಲಿಕ್ಕಿಲ್ಲ ಎಂದು ತನಗೆ ತಾನೇ ಹೇಳಿಕೊಂಡು ಕಾರು ತೆಗೆದಿದ್ದಳು.

ಮೇಜಿನ ಹಿಂದೆ ಆರ್ಡಿಸ್ ಡ್ರೇಗರ್ ಕೂತಿದ್ದರು. ಶಾಲೆಯ ಗ್ರಂಥಾಲಯದಲ್ಲಿ ಮೂವತ್ತು ವರ್ಷ ಕೆಲಸ ಮಾಡಿ, ಊರಿನ ಅರ್ಧ ಜನಕ್ಕೆ ಪುಸ್ತಕ ಕೊಟ್ಟು, ವಾಪಸ್ ತಂದುಕೊಡದಿದ್ದಕ್ಕೆ ಬೈದು ನಿವೃತ್ತರಾದವರು.

"ಬಾ ಕ್ಲೆಮ್. ಟೈ ಜೋರಾಗಿದೆಯಲ್ಲೋ ಇವತ್ತು!"

ಕ್ಲೆಮ್ ಗುರುತಿನ ಚೀಟಿ ಕೊಟ್ಟ. ಆರ್ಡಿಸ್ ಪಟ್ಟಿಯ ಮೇಲೆ ಬೆರಳು ಇಳಿಸಿದರು, ಮೇಲೆ ತಂದರು, ಮತ್ತೆ ಇಳಿಸಿದರು. ಆಮೇಲೆ ಪಕ್ಕದ ಕಡತದಿಂದ ಇನ್ನೊಂದು ಹಾಳೆ ತೆಗೆದು ನೋಡಿದರು. ಮುಖದಲ್ಲಿದ್ದ ನಗು ಇಳಿಯಿತು.

"ನಿನ್ನ ಹೆಸರು ಇದ್ರಲ್ಲಿ ಇಲ್ಲ ಕಣಪ್ಪ."

"ಇದೆ. ಲೆಮ್ಕೆ. ಎಲ್‌ನಲ್ಲಿ ನೋಡಿ. ಮಾರ್ಲಿಗಿಂತ ನಾನು ಮೊದ್ಲು. ಸಿ ಮೊದ್ಲು, ಎಮ್ ಆಮೇಲೆ."

"ನೋಡ್ದೆ. ತೆಗೆದುಬಿಟ್ಟಿದ್ದಾರೆ."

"ಯಾರು?"

ಆರ್ಡಿಸ್ ಮಾರ್ಲಿಸ್‌ಳ ಕಡೆ ನೋಡಿದರು. ಮಾರ್ಲಿಸ್ ಗೋಡೆಗೆ ನೇತುಹಾಕಿದ್ದ ನೀರಿನ ಕೊಳವೆಗಳ ಕಡೆ ನೋಡಿದಳು. "ಕೋರ್ಟಿನವರು" ಎಂದರು ಆರ್ಡಿಸ್ ಕೊನೆಗೆ, ಮೆಲ್ಲಗೆ. ಸಾಲಿನಲ್ಲಿ ಹಿಂದಿದ್ದ ಯಾರೋ ಕೆಮ್ಮಿದರು.

ಕ್ಲೆಮ್ ಗಲಾಟೆ ಮಾಡಲಿಲ್ಲ. ಚೀಟಿಯನ್ನು ಪರ್ಸಿನಲ್ಲಿ ಸರಿಯಾಗಿ ಇಟ್ಟುಕೊಂಡು, "ಮಾರ್ಲಿ, ನೀನು ಹಾಕಿ ಬಾ. ಹಿಂದೆ ಜನ ಕಾಯ್ತಿದ್ದಾರೆ" ಎಂದು ಹೇಳಿ ಬೆಂಚಿನ ಮೇಲೆ ಹೋಗಿ ಕೂತ. ಆ ದಿನ ಮತಪತ್ರದಲ್ಲಿ ಯಾರ ಹೆಸರಿನ ಮುಂದಿನ ಸೊನ್ನೆಯನ್ನು ಪೆನ್ನಿನಿಂದ ತುಂಬಿದೆ ಎಂದು ಕೇಳಿದ್ದರೆ ಮಾರ್ಲಿಸ್‌ಗೆ ಹೇಳಲು ಬರುತ್ತಿರಲಿಲ್ಲ.

ಆದದ್ದು ಇಷ್ಟು. ಹಿಂದಿನ ವರ್ಷ ಫೆಬ್ರವರಿಯಲ್ಲಿ ಅವರ ತಾಯಿ ಇರ್ಮಾ ತೀರಿಕೊಂಡಳು. ಕ್ಲೆಮ್ ತನ್ನ ಬಟ್ಟೆ, ರೇಡಿಯೋ ಎತ್ತಿಕೊಂಡು ಅಕ್ಕನ ಮನೆಗೆ ಬಂದ. ಏಪ್ರಿಲ್‌ನಲ್ಲಿ ಅವನಿಗೆ ಪಿತ್ತಕೋಶದಲ್ಲಿ ಕಲ್ಲು ಎಂದಾಯಿತು. ಆಸ್ಪತ್ರೆಯವರು ಶಸ್ತ್ರಚಿಕಿತ್ಸೆಗೆ ಸಹಿ ಹಾಕಲು ಕಾನೂನುಬದ್ಧ ಗಾರ್ಡಿಯನ್ ಬೇಕು ಎಂದರು. ಮಾರ್ಲಿಸ್ ಒಬ್ಬ ವಕೀಲನ ಬಳಿ ಹೋದಳು. ಅವನು ಮುಂದೆ ತಳ್ಳಿದ ಅರ್ಜಿಯಲ್ಲಿ ಕ್ಲೆಮ್‌ನಿಂದ ತೆಗೆದುಹಾಕಬಹುದಾದ ಹಕ್ಕುಗಳ ಪಟ್ಟಿ ಇತ್ತು: ಮದುವೆಯಾಗುವ ಹಕ್ಕು, ವಾಹನ ಓಡಿಸುವ ಹಕ್ಕು, ಬಂದೂಕು ಇಟ್ಟುಕೊಳ್ಳುವ ಹಕ್ಕು, ಓಟು ಹಾಕುವ ಹಕ್ಕು. ಒಂದೊಂದರ ಮುಂದೆಯೂ ಪುಟ್ಟ ಚೌಕ.

"ಎಲ್ಲಕ್ಕೂ ಗುರುತು ಹಾಕ್ಬಿಡಿ. ಆಮೇಲೆ ಯಾವ ತಾಪತ್ರಯಾನೂ ಇರಲ್ಲ" ಎಂದಿದ್ದ ವಕೀಲ.

ಉಳಿದವಕ್ಕೆ ಅವಳು ಯೋಚಿಸದೆ ಗುರುತು ಹಾಕಿದ್ದಳು. ನಾಲ್ಕನೆಯದಕ್ಕೆ ಬಂದಾಗ ಪೆನ್ನು ನಿಂತಿತ್ತು. ಇರ್ಮಾ ರಾಜಕೀಯದ ಹುಚ್ಚಿನ ಹೆಂಗಸು. ಅಡುಗೆಮನೆಯ ರೇಡಿಯೋ ದಿನವಿಡೀ ಅವಳ ಪಕ್ಷದ ಪರವಾಗಿ ಅರಚುತ್ತಿತ್ತು. ಮನೆಯ ಮುಂದಿನ ಹುಲ್ಲಿನಲ್ಲಿ ಅವಳ ಅಭ್ಯರ್ಥಿಗಳ ಹೆಸರಿನ ಫಲಕಗಳು ಹೂಗಿಡಗಳಿಗಿಂತ ಹೆಚ್ಚಾಗಿದ್ದವು. ಮಗಳು ಇನ್ನೊಂದು ಪಕ್ಷದವಳಾದದ್ದನ್ನು ಅವಳು ಕೊನೆಯವರೆಗೂ ತನಗಾದ ಅವಮಾನವೆಂದೇ ಎಣಿಸಿದ್ದಳು. ಹಬ್ಬದೂಟದ ಟರ್ಕಿ ಕೋಳಿ ಕೊಯ್ಯುವ ಮೊದಲೇ ತಾಯಿ ಮಗಳು ಒಬ್ಬರನ್ನೊಬ್ಬರು ಕೊಯ್ದು ಮುಗಿಸಿರುತ್ತಿದ್ದರು. ಪ್ರತಿ ಚುನಾವಣೆಯಲ್ಲೂ ಇರ್ಮಾ ಮಗನ ತೋಳು ಹಿಡಿದು ಮತಗಟ್ಟೆಗೆ ಹೋಗುತ್ತಿದ್ದಳು. ಅವನ ಕೈ ನಡುಗಿ ಸೊನ್ನೆಯ ಆಚೆ ಗೀಚಿ, ಯಂತ್ರ ಮತಪತ್ರವನ್ನು ಉಗುಳಿಬಿಡುತ್ತಿತ್ತು. ಹಾಗಾಗಿ ತಾಯಿ ಅವನಿಗಾಗಿ ತುಂಬಲು ಅನುಮತಿಯಿತ್ತು. ಇಪ್ಪತ್ತು ವರ್ಷ ಮಾರ್ಲಿಸ್ ಅದನ್ನು ನೋಡಿ ಹಲ್ಲು ಕಡಿದಿದ್ದಳು. ನನಗೊಂದು ಓಟು, ಅಮ್ಮನಿಗೆ ಎರಡು.

ವಕೀಲನ ಮೇಜಿನ ಮುಂದೆ ಕೂತ ದಿನ ಅಮ್ಮ ಸತ್ತು ಎರಡು ತಿಂಗಳ ಮೇಲಾಗಿತ್ತು. ಆದರೆ ಅವಳ ಜೊತೆಗಿನ ಜಗಳ ಮುಗಿದಿರಲಿಲ್ಲ. ಮಾರ್ಲಿಸ್ ಗುರುತು ಹಾಕಿದಳು.

ಮತಗಟ್ಟೆಯಿಂದ ಹೊರಟ ಕಾರು ಎರಡು ಬೀದಿ ದಾಟಿದ ಮೇಲೆ ಕ್ಲೆಮ್ ಕೇಳಿದ.

"ಕೋರ್ಟಿಗೆ ಯಾರು ಹೇಳಿದ್ದು?"

ಸುಳ್ಳು ಹೇಳಬಹುದಿತ್ತು. ವಕೀಲನ ಮೇಲೆ ಹಾಕಬಹುದಿತ್ತು. "ನಾನೇ" ಎಂದಳು.

"ನನ್ನ ಕೇಳ್ಲಿಲ್ಲ."

"ಇಲ್ಲ ಕ್ಲೆಮ್. ಕೇಳ್ಬೇಕಿತ್ತು."

"ಹೂಂ. ಕೇಳ್ಬೇಕಿತ್ತು" ಎಂದು ಅವನು ತಾನು ಕೆಲಸ ಮಾಡುವ ಬೌಲಿಂಗ್ ಅಂಗಳದ ಮುಂದೆ ಇಳಿದು, ಬಾಗಿಲನ್ನು ಎಂದಿಗಿಂತ ಮೆಲ್ಲಗೆ ಮುಚ್ಚಿದ. ಧಡಾರ್ ಎಂದು ಬಡಿದಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು.

ಅಂದಿನಿಂದ ಮನೆಯಲ್ಲಿ ಹೊಸದೊಂದು ಶುರುವಾಯಿತು. ಕ್ಲೆಮ್ ಎಲ್ಲದಕ್ಕೂ ಅಪ್ಪಣೆ ಕೇಳತೊಡಗಿದ.

"ಮಾರ್ಲಿ, ಫ್ರಿಜ್ ತೆಗೀಬಹುದಾ?"

"ಇದೇನೋ ಹೊಸದು? ತೆಗೆಯೋ."

"ನೀನು ಗಾರ್ಡಿಯನ್ನು. ಕೇಳ್ಬೇಕು." ಸ್ವಲ್ಪ ಹೊತ್ತಾದ ಮೇಲೆ: "ಹಾಲು ಕುಡೀಬಹುದಾ? ಲೋಟದಲ್ಲೋ, ಬಟ್ಟಲಲ್ಲೋ?" ಮರುದಿನ ಬೆಳಿಗ್ಗೆ ಕಾಲುಚೀಲ ಹಿಡಿದು ಬಂದು: "ಯಾವ ಕಾಲಿಗೆ ಮೊದ್ಲು ಹಾಕ್ಲಿ?"

ಅವನು ಚುಚ್ಚುತ್ತಿದ್ದಾನೋ, ನಿಜವಾಗಿಯೂ ಕೇಳುತ್ತಿದ್ದಾನೋ ಎಂದು ಮೊದಲೆರಡು ದಿನ ಅವಳಿಗೆ ತಿಳಿಯಲಿಲ್ಲ. ಮೂರನೆಯ ದಿನ ಬಚ್ಚಲಿನ ಬಾಗಿಲಲ್ಲಿ ನಿಂತು, "ಮಾರ್ಲಿ, ಹೋಗಬಹುದಾ? ಅರ್ಜೆಂಟು" ಎಂದಾಗ ಅವನ ಕಣ್ಣಿನಲ್ಲಿ ನಗು ಮಿಂಚಿ ಮಾಯವಾದದ್ದನ್ನು ಕಂಡಳು. ಅದು ಅವರ ಅಮ್ಮನ ನಗು. ಆ ನಗುವಿನ ಎದುರು ಮಾರ್ಲಿಸ್ ಎಂದೂ ಗೆದ್ದವಳಲ್ಲ.

ಕ್ಲೆಮ್ ಕೆಲಸ ಮಾಡುತ್ತಿದ್ದ ಬೌಲಿಂಗ್ ಅಂಗಳ ಲೈಲ್ ಎಂಬುವವನದು. ಭಾರದ ಚೆಂಡು ಉರುಳಿಸಿ ಮರದ ಗೂಟ ಬೀಳಿಸುವ ಆ ಆಟಕ್ಕೆ ಬಂದವರ ಬಾಡಿಗೆ ಶೂಗಳನ್ನು ಒರೆಸಿ, ಔಷಧಿ ಸಿಂಪಡಿಸಿ, ನಂಬರಿನ ಪ್ರಕಾರ ಗೂಡುಗಳಲ್ಲಿ ಜೋಡಿಸುವುದು ಕ್ಲೆಮ್‌ನ ಪಾಲಿನದು. ಹನ್ನೆರಡು ವರ್ಷದಿಂದ ಮಾಡುತ್ತಿದ್ದ ಅವನಿಗೆ ಊರಿನವರ ಹೆಸರಿಗಿಂತ ಕಾಲಿನ ನಂಬರು ಬೇಗ ನೆನಪಾಗುತ್ತಿತ್ತು. ಓಟಿನ ವಿಷಯ ಕೇಳಿದ ಲೈಲ್ ತನ್ನ ಬೋಳುತಲೆ ತುರಿಸಿಕೊಂಡು, "ಅದಕ್ಯಾಕೋ ಇಷ್ಟು ಬೇಜಾರು? ನಾನು ಓಟು ಹಾಕಿ ಇಪ್ಪತ್ತು ವರ್ಷ ಆಯ್ತು. ಎಲ್ಲ ಒಂದೇ ಜಾತಿ ಕಳ್ಳರು" ಎಂದ.

ಕ್ಲೆಮ್ ಕೈಯಲ್ಲಿದ್ದ ಶೂ ಕೆಳಗಿಟ್ಟ. "ನಿನ್ ಹೆಸ್ರು ಪಟ್ಟೀಲಿದ್ಯಾ?"

"ಇರ್ಬಹುದು."

"ನಿಂಗೆ ಬೇಡ್ವಾ?"

"ಬೇಡ ಅಂತ್ಲೇ ಇಟ್ಕೋ."

"ಹಂಗಾದ್ರೆ ನಂಗೆ ಕೊಡು."

"ಹಂಗೆಲ್ಲ ಕೊಡಕ್ಕಾಗಲ್ವೋ ಮಾರಾಯ."

"ಯಾಕೆ? ನೀನು ಉಪಯೋಗ್ಸಲ್ಲ. ಅದು ಗೂಡಲ್ಲಿ ಸುಮ್ನೆ ಕೂತಿದೆ."

ಲೈಲ್ ಹೊರಗೆ ಹೋಗಿ ಸಿಗರೇಟು ಸೇದಿದ. ಬಂದವನು, "ಗುರುವಾರ ಅಂಗಳ ರಜಾ. ನ್ಯಾಯಾಲಯಕ್ಕೆ ಕರ್ಕೊಂಡು ಹೋಗ್ತೀನಿ. ಅದೇನು ಬರೀತಿಯೋ ಬರ್ಕೋ" ಎಂದ.

ಮಾರ್ಲಿಸ್‌ಗೆ ಈ ಸಂಗತಿ ತಿಳಿದದ್ದು ಹತ್ತು ದಿನದ ಮೇಲೆ, ಅಂಚೆಪೆಟ್ಟಿಗೆಯಲ್ಲಿ ನ್ಯಾಯಾಲಯದ ಲಕೋಟೆ ಬಂದಾಗ. ಒಳಗೆ ವಿಚಾರಣೆಯ ದಿನಾಂಕ, ಜೊತೆಗೆ ಕ್ಲೆಮ್‌ನ ಕಾಗದದ ಪ್ರತಿ. ಗೆರೆ ಹಾಕಿದ ಹಾಳೆಯಲ್ಲಿ, ಎರಡೆರಡು ಗೆರೆ ಎತ್ತರದ ಅಕ್ಷರಗಳಲ್ಲಿ ಹೀಗಿತ್ತು:

"ನ್ಯಾಯಾಧೀಶರಿಗೆ. ನನ್ನ ಓಟು ವಾಪಸ್ ಬೇಕು. ಇಪ್ಪತ್ತು ವರ್ಷ ಹಾಕಿದ್ದೇನೆ. ಒಂದು ಸಲವೂ ತಪ್ಪಿಸಿಲ್ಲ. ಜ್ವರ ಇದ್ದಾಗಲೂ ಹೋಗಿದ್ದೇನೆ. ಮಾರ್ಲಿ ಒಳ್ಳೆಯವಳು. ಆದರೆ ನನ್ನನ್ನು ಕೇಳಲಿಲ್ಲ. ಕ್ಲೆಮೆಂಟ್ ಲೆಮ್ಕೆ."

ಅವಳು ಅಂಚೆಪೆಟ್ಟಿಗೆಯ ಬಳಿ, ಕೋಟಿನ ಗುಂಡಿ ಹಾಕಿಕೊಳ್ಳದೆ, ಬಹಳ ಹೊತ್ತು ನಿಂತಿದ್ದಳು.

ವಿಚಾರಣೆಗೆ ಮೊದಲು, ಕ್ಲೆಮ್‌ನ ಹಿತ ನೋಡಲು ನ್ಯಾಯಾಲಯ ನೇಮಿಸಿದ ವಕೀಲೆಯೊಬ್ಬಳು ಮನೆಗೆ ಬಂದಳು. ಹೆಸರು ಮಾಯ್ ಶ್ಯೋಂಗ್. ಲಾವೋಸ್‌ನಿಂದ ನಿರಾಶ್ರಿತರಾಗಿ ಬಂದ ಮೋಂಗ್ ಜನ ಆ ಕಡೆಯ ಊರುಗಳಲ್ಲಿ ನೆಲೆಸಿ ಎರಡು ತಲೆಮಾರಾಗಿತ್ತು. ಮಾಯ್ ಅಲ್ಲೇ ಹುಟ್ಟಿದವಳು, ಮಾತಿನಲ್ಲಿ ಥೇಟು ವಿಸ್ಕಾನ್ಸಿನ್ ಎಳೆತ. ಕ್ಲೆಮ್‌ನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮುಕ್ಕಾಲು ಗಂಟೆ ಮಾತಾಡಿ, ಆಮೇಲೆ ಅಡುಗೆಮನೆಯ ಮೇಜಿಗೆ ಬಂದು ಕೂತಳು. ಮಾರ್ಲಿಸ್ ಕಾಫಿ ಬಗ್ಗಿಸಿಕೊಟ್ಟಳು.

"ನೀವು ವಿರೋಧ ಮಾಡ್ತೀರಾ?"

"ವಿರೋಧ ಅಂತಲ್ಲ... ಅವನಿಗೆ ಅದೆಲ್ಲ ಅರ್ಥ ಆಗುತ್ತಾ ಅನ್ನೋದೇ ನಂಗೆ ಗೊತ್ತಿಲ್ಲ."

"ಕಾನೂನು ಕೇಳೋದು ಒಂದೇ ಮಾತು. ಚುನಾವಣೆ ಯಾತಕ್ಕೆ ನಡೆಯುತ್ತೆ ಅನ್ನೋದು ಅವರಿಗೆ ತಿಳಿಯುತ್ತಾ? ಸರಿಯಾದೋರನ್ನ ಆರಿಸ್ತಾರಾ ಅಂತ ಕೇಳಲ್ಲ. ಕೇಳಿದ್ರೆ ನಾವ್ಯಾರೂ ಉಳಿಯಲ್ಲ."

"ಯಾರೋ ಹೇಳ್ಕೊಟ್ಟ ಹಾಗೆ ಹಾಕಿದ್ರೆ? ಕೈ ಹಿಡಿದು ಹಾಕಿಸಿದ್ರೆ?"

ಮಾಯ್ ಕಾಫಿ ಲೋಟ ತಿರುಗಿಸುತ್ತ ನಕ್ಕಳು. "ನಮ್ಮಪ್ಪ ನೂರು ಪ್ರಶ್ನೆ ಬಾಯಿಪಾಠ ಮಾಡಿ ಪೌರತ್ವ ತಗೊಂಡ್ರು. ಸಂವಿಧಾನಕ್ಕೆ ಎಷ್ಟು ತಿದ್ದುಪಡಿ ಅಂತ ನಿದ್ದೇಲೂ ಹೇಳೋರು. ಅಷ್ಟೆಲ್ಲ ಮಾಡಿ ಮೊದಲ ಓಟು ಯಾರಿಗೆ ಹಾಕಿದ್ರು ಗೊತ್ತಾ? ನಮ್ಮ ಚಿಕ್ಕಪ್ಪ ಹೇಳ್ದೋರಿಗೆ. ನಾನು ಕಾಲೇಜಲ್ಲಿದ್ದೆ. ಕಿರುಚಾಡಿಬಿಟ್ಟೆ."

"ಆಮೇಲೆ?"

"ಆಮೇಲೇನು? ಅವರ ಓಟು, ಅವರ ತಮ್ಮ. ನಾನ್ಯಾರು ಕೇಳಕ್ಕೆ?" ಎಂದು ಕಡತ ಮುಚ್ಚಿದಳು. ಹೊರಡುವಾಗ ಬಾಗಿಲಲ್ಲಿ ನಿಂತು, "ಅಂದಹಾಗೆ, ಜಿಲ್ಲಾ ನ್ಯಾಯಾಧೀಶರ ಚುನಾವಣೇಲಿ ಹೋದ ಸಲ ಯಾರಿಗೆ ಓಟು ಹಾಕಿದ್ರಿ, ನೆನಪಿದ್ಯಾ?" ಎಂದು ಕೇಳಿದಳು.

ಮಾರ್ಲಿಸ್‌ಗೆ ನೆನಪಿರಲಿಲ್ಲ.

"ನಂಗೂ ಇಲ್ಲ. ನಾನು ಅಲ್ಲೇ ಕೆಲಸ ಮಾಡೋಳು" ಎಂದು ಮಾಯ್ ಮೆಟ್ಟಿಲಿಳಿದಳು.

ವಿಚಾರಣೆ ಜೂನ್ ಎರಡನೆಯ ವಾರದಲ್ಲಿತ್ತು. ಸಣ್ಣ ಕೋಣೆ, ತೆರೆದ ಕಿಟಕಿ, ಹೊರಗೆ ಯಾರೋ ಹುಲ್ಲು ಕತ್ತರಿಸುತ್ತಿದ್ದ ಯಂತ್ರದ ಸದ್ದು. ಲೈಲ್ ಹಿಂದಿನ ಸಾಲಿನಲ್ಲಿ ಟೋಪಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ನ್ಯಾಯಾಧೀಶ ಟೋಲೆಫ್ಸನ್ ಅರವತ್ತು ದಾಟಿದ, ಉದ್ದ ಮುಖದ, ಅವಸರವಿಲ್ಲದ ಮನುಷ್ಯ. ಅವರು ಒಳಗೆ ಬರುತ್ತಿದ್ದಂತೆ ಕ್ಲೆಮ್ ಅವರ ಶೂ ನೋಡಿ ಅಕ್ಕನ ಕಿವಿಯಲ್ಲಿ, "ಹನ್ನೊಂದೂವರೆ. ಅಗಲ ಜಾಸ್ತಿ" ಎಂದ.

ಮೊದಲ ಪ್ರಶ್ನೆಗಳು ಸಲೀಸಾಗಿ ಹೋದವು. ಹೆಸರು, ಕೆಲಸ, ಯಾರ ಜೊತೆ ಇದ್ದೀಯ. ಈ ದೇಶದ ಅಧ್ಯಕ್ಷರು ಯಾರು? ಹೇಳಿದ. ಉಪಾಧ್ಯಕ್ಷರು ಯಾರು?

ಕ್ಲೆಮ್ ಬಾಯಿ ತೆರೆದ. ಅವನ ಕಿವಿಗಳು ಕೆಂಪಾದವು.

"ಗೊತ್ತಿತ್ತು. ನಿನ್ನೆ ಗೊತ್ತಿತ್ತು. ಈಗ ಹೋಯ್ತು."

"ಪರವಾಗಿಲ್ಲ. ಅದು ಬಿಡು. ಚುನಾವಣೆ ಅಂದ್ರೇನು, ಓಟು ಯಾಕೆ ಹಾಕ್ತೀವಿ, ನಿನ್ನ ಮಾತಲ್ಲಿ ಹೇಳು ನೋಡೋಣ."

ಒಂದು ಹೆಸರು ತಪ್ಪಿದ್ದೇ ಅವನ ಎಲ್ಲ ಮಾತನ್ನೂ ಎಳೆದುಕೊಂಡು ಹೋಗಿತ್ತು. ಅವನು ಟೈಯ ತುದಿ ಹಿಡಿದುಕೊಂಡು ಕೂತ. ಹೊರಗೆ ಹುಲ್ಲಿನ ಯಂತ್ರ ಒಂದು ಸುತ್ತು ಹೋಗಿ ಬಂತು. ಅವನು ಮೆಲ್ಲಗೆ ಅಕ್ಕನ ಕಡೆ ತಿರುಗಿದ. ಮಾರ್ಲಿಸ್‌ಳ ತುಟಿಗಳು ತಾವಾಗಿಯೇ ಅಲುಗಿದವು.

"ಅಕ್ಕನ ಕಡೆ ನೋಡ್ಬೇಡಪ್ಪ" ಎಂದರು ನ್ಯಾಯಾಧೀಶರು. ಗದರಿಸಲಿಲ್ಲ. ಇನ್ನೂ ಸ್ವಲ್ಪ ಕಾದು, ಹಾಳೆಯ ಮೇಲೆ ಏನೋ ಬರೆದುಕೊಂಡು, "ಗಾರ್ಡಿಯನ್ ಏನು ಹೇಳ್ತೀರಿ?" ಎಂದು ಕೇಳಿದರು.

ತನ್ನ ಆಕ್ಷೇಪವಿಲ್ಲ ಎಂದಷ್ಟೇ ಹೇಳಿ ಕೂರಬೇಕೆಂದು ಮಾರ್ಲಿಸ್ ತೀರ್ಮಾನಿಸಿಕೊಂಡು ಬಂದಿದ್ದಳು. ಎದ್ದು ನಿಂತಳು. ತಮ್ಮನ ಕೆಂಪು ಕಿವಿ ಕಂಡಿತು.

"ಸ್ವಾಮಿ, ಹೋದ ವರ್ಷ ನಾನು ಆ ಚೌಕಕ್ಕೆ ಗುರುತು ಹಾಕಿದ್ದು ಓದದೆ ಅಲ್ಲ. ಓದಿಯೇ ಹಾಕಿದ್ದು. ಅವನಿಗೆ ತಿಳಿಯಲ್ಲ ಅಂತ ಖಚಿತ ಆಗಿ ಹಾಕಿದ್ದೂ ಅಲ್ಲ. ನಾನು ಅವನನ್ನ ಒಂದು ಮಾತೂ ಕೇಳಿರಲಿಲ್ಲ. ನಮ್ಮಮ್ಮ ಇಪ್ಪತ್ತು ವರ್ಷ ಅವನನ್ನ ಕರ್ಕೊಂಡು ಹೋಗಿ ಓಟು ಹಾಕಿಸ್ತಿದ್ಲು. ಅದು ಅವನ ಓಟಲ್ಲ, ಅಮ್ಮನ ಎರಡನೇ ಓಟು ಅಂತ ನನ್ನ ಲೆಕ್ಕ. ಅಮ್ಮನ ಮೇಲಿನ ಸಿಟ್ಟು ಅವನ ಮೇಲೆ ತೀರಿಸ್ಕೊಂಡೆ. ಇಷ್ಟೇ ನಿಜ."

"ಸುಳ್ಳು!"

ಕ್ಲೆಮ್ ಎದ್ದು ನಿಂತಿದ್ದ. ಮಾಯ್ ಅವನ ತೋಳು ಮುಟ್ಟಿದಳು, ಅವನು ಕೂರಲಿಲ್ಲ.

"ಅಮ್ಮಂದಲ್ಲ. ನಂದು!"

"ಹೇಳಲಿ ಬಿಡಿ" ಎಂದರು ನ್ಯಾಯಾಧೀಶರು.

"ಅಮ್ಮ ವಾರ ಎಲ್ಲ ಹೇಳೋಳು. ಇವರಿಗೆ ಹಾಕು, ಇವರಿಗೆ ಹಾಕು. ಊಟದಲ್ಲಿ ಹೇಳೋಳು, ಬಟ್ಟೆ ಮಡಚ್ತಾ ಹೇಳೋಳು. ಅಲ್ಲಿ ಹೋದ್ಮೇಲೆ ಹೇಳ್ತಿರ್ಲಿಲ್ಲ. ಅಲ್ಲಿ ಹೇಳ್ಬಾರ್ದು. ಹೆಸರು ಓದೋಳು. ನಾನು ಬೆರಳು ತೋರಿಸ್ತಿದ್ದೆ. 'ಖಂಡಿತಾನಾ' ಅಂತಿದ್ಲು. ನಾನು 'ಖಂಡಿತಾ' ಅಂತಿದ್ದೆ. ಆಮೇಲೆ ಗಟ್ಟಿಯಾಗಿ ಒತ್ತಿ ಒತ್ತಿ ತುಂಬೋಳು. ಪೆನ್ನು ಕಾಗದ ತೂತು ಆಗೋ ಹಂಗೆ."

"ಅವರು ಹೇಳ್ದೋರಿಗೆ ಬೆರಳು ತೋರಿಸ್ತಿರ್ಲಿಲ್ವಾ?"

"ಕೆಲವು ಸಲ. ಕೆಲವು ಸಲ ಇಲ್ಲ. ಇಲ್ಲ ಅಂದ್ರೆ ಕಾರಲ್ಲಿ ಮಾತಾಡ್ತಿರ್ಲಿಲ್ಲ. ಒಂದ್ಸಲ ಐಸ್‌ಕ್ರೀಮ್ ಕೊಡಿಸ್ತೀನಿ ಅಂದಿದ್ಲು, ಕೊಡಿಸ್ಲೇ ಇಲ್ಲ. ಸೀದಾ ಮನೆಗೆ."

ಲೈಲ್ ಹಿಂದಿನಿಂದ ಗೊಳ್ಳೆಂದು ನಕ್ಕು, ಟೋಪಿಯಿಂದ ಬಾಯಿ ಮುಚ್ಚಿಕೊಂಡ. ನ್ಯಾಯಾಧೀಶರೂ ತುಟಿ ಬಿಗಿಹಿಡಿದಿದ್ದರು.

"ಅವರು ಮೋಸ ಮಾಡಿ ಬೇರೆಯವರಿಗೆ ತುಂಬಿದ್ರೆ ನಿಂಗೆ ಹೇಗೆ ಗೊತ್ತಾಗ್ತಿತ್ತು?"

"ಆಮೇಲೆ ನಾನು ಓದ್ತಿದ್ದೆ. ಬೆರಳಿಟ್ಕೊಂಡು. ನಿಧಾನ ಆಗುತ್ತೆ, ಆದ್ರೆ ಓದ್ತೀನಿ. ಅಮ್ಮ ಕಾಯ್ತಿದ್ಲು."

"ಅಷ್ಟು ಹೇಳಿದ್ರೂ ಅಮ್ಮನ ಮಾತು ಯಾಕೆ ಕೇಳ್ಲಿಲ್ಲ?"

ಕ್ಲೆಮ್‌ಗೆ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. "ಅಮ್ಮಂಗೆ ಅಮ್ಮಂದು ಇತ್ತಲ್ಲ!"

ಅಲ್ಲಿಂದ ಮಾತು ತಾನಾಗಿ ಹರಿಯಿತು. ತನ್ನನ್ನು ಕೆಲಸಕ್ಕೆ ಕರೆದೊಯ್ಯುವ ಪುಟ್ಟ ಬಸ್ಸಿನ ವಿಷಯ ಹೇಳಿದ. ಅದಕ್ಕೆ ದುಡ್ಡು ವಾಷಿಂಗ್ಟನ್ನಿನಿಂದ ಬರುತ್ತದೆಂದು ಡ್ರೈವರ್ ಹೇಳಿದ್ದ. ನಿಲ್ಲಿಸಬೇಕು ಎನ್ನುವವರೂ ಇದ್ದಾರೆ, ಬೇಡ ಎನ್ನುವವರೂ ಇದ್ದಾರೆ. "ಬಸ್ಸಿಲ್ದಿದ್ರೆ ನಾನು ಮನೇಲಿ ಕೂರ್ಬೇಕು. ಅದಕ್ಕೆ ನೋಡಿ ಹಾಕ್ತೀನಿ. ಎಲ್ರೂ ಅವರವರಿಗೆ ಬೇಕಾದ್ದು ಹೇಳ್ತಾರೆ. ಆಮೇಲೆ ಎಣಿಸ್ತಾರೆ. ಜಾಸ್ತಿ ಜನ ಹೇಳಿದ್ದು ಆಗುತ್ತೆ."

"ನೀನು ಹೇಳ್ದೋರು ಸೋತ್ರೆ?"

"ಸೋತಿದ್ದಾರೆ. ತುಂಬ ಸಲ. ಬೇಜಾರಾಗುತ್ತೆ. ಕೆಲಸಕ್ಕೆ ಹೋಗ್ತೀನಿ. ಮುಂದಿನ ಸಲ ಇನ್ನೊಂದ್ಸಲ ಹಾಕ್ತೀನಿ."

ನ್ಯಾಯಾಧೀಶ ಟೋಲೆಫ್ಸನ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಚುನಾವಣೆಯ ಉದ್ದೇಶ ಈತನಿಗೆ ತಿಳಿದಿದೆ, ಹಕ್ಕನ್ನು ಮರಳಿಸಲಾಗಿದೆ ಎಂದು ಎರಡು ವಾಕ್ಯದಲ್ಲಿ ಹೇಳಿ ಸಹಿ ಹಾಕಿದರು. ಆಮೇಲೆ, ನ್ಯಾಯಾಲಯದ ನಡಾವಳಿ ಬರೆದುಕೊಳ್ಳುವವಳು ಕೈ ನಿಲ್ಲಿಸಿದ ಮೇಲೆ, "ಸೋತ ಮೇಲೆ ಏನು ಮಾಡ್ಬೇಕು ಅನ್ನೋದು ನಮ್ಮಲ್ಲಿ ತುಂಬ ಜನಕ್ಕೆ ಇನ್ನೂ ಗೊತ್ತಾಗಿಲ್ಲ" ಎಂದು ತಮಗೆ ತಾವೇ ಎಂಬಂತೆ ಹೇಳಿಕೊಂಡರು.

ಹೊರಗಿನ ಪಡಸಾಲೆಯಲ್ಲಿ ಲೈಲ್ ಕ್ಲೆಮ್‌ನ ಬೆನ್ನು ತಟ್ಟುತ್ತಿದ್ದ. ಮಾರ್ಲಿಸ್ ಸ್ವಲ್ಪ ದೂರದಲ್ಲಿ, ನೀರಿನ ನಲ್ಲಿಯ ಬಳಿ, ಒಬ್ಬಳೇ ನಿಂತಿದ್ದಳು. ಅವಳು ತಮ್ಮನ ಬಗ್ಗೆ ಯೋಚಿಸುತ್ತಿರಲಿಲ್ಲ. ಮತಗಟ್ಟೆಯ ರಟ್ಟಿನ ಮರೆಯ ಹಿಂದೆ ಬಾಗಿ ನಿಂತ ಅಮ್ಮ ಕಣ್ಣಿಗೆ ಕಟ್ಟುತ್ತಿದ್ದಳು. ವಾರವಿಡೀ ಬಡಿದಾಡಿ, ಆ ಮರೆಯೊಳಗೆ ಬಂದ ಮೇಲೆ ಬಾಯಿ ಮುಚ್ಚಿಕೊಂಡು, ತನಗೆ ಹೇಸಿಗೆಯಾದ ಹೆಸರಿನ ಮುಂದೆ ಪೆನ್ನೊತ್ತಿ ಮಗನ ಪರವಾಗಿ ತುಂಬುತ್ತಿದ್ದ ಅಮ್ಮ. ಆ ಮರೆಯೊಳಗೆ ಏನಾಗುತ್ತಿತ್ತು ಎಂದು ತಾನು ಒಂದು ಸಲವೂ ಕೇಳಲಿಲ್ಲ. ಕೇಳಿದ್ದರೆ ಅಮ್ಮ ಹೇಳುತ್ತಿದ್ದಳೇ? ಹೇಳುತ್ತಿರಲಿಲ್ಲ. ಮಗನ ಓಟು ತನ್ನ ಓಟನ್ನು ತಿಂದುಹಾಕಿತು ಎಂದು ಮಗಳ ಮುಂದೆ ಒಪ್ಪಿಕೊಳ್ಳುವುದುಂಟೇ! ಮಾರ್ಲಿಸ್‌ಗೆ ನಗು ಬಂತು, ಅದರ ಬೆನ್ನಿಗೇ ಅಳುವೂ ಬಂತು. ನಲ್ಲಿಗೆ ಬಾಗಿ ನೀರು ಕುಡಿಯುವವಳಂತೆ ಮುಖ ತೊಳೆದುಕೊಂಡಳು.

"ಮಾರ್ಲಿ" ಎಂದು ಕ್ಲೆಮ್ ಹತ್ತಿರ ಬಂದ. "ಸುಳ್ಳು ಅಂದಿದ್ದು ಜೋರಾಯ್ತಾ?"

"ಸರಿಯಾಗಿತ್ತು."

"ನೀನು ಸುಳ್ಳು ಹೇಳ್ಲಿಲ್ಲ. ನಿಂಗೆ ಗೊತ್ತಿರ್ಲಿಲ್ಲ. ಅದು ಬೇರೆ."

"ಹೂಂ. ಅದು ಬೇರೆ."

ಮನೆಯಲ್ಲಿ ಅಪ್ಪಣೆ ಕೇಳುವ ಆಟ ಅಂದಿಗೆ ನಿಂತಿತು. ನಿಂತ ಮೇಲೆ ಮಾರ್ಲಿಸ್‌ಗೆ ಒಂದು ಬಗೆಯಲ್ಲಿ ಬೇಸರವೂ ಆಯಿತು. ಯಾಕೆಂದರೆ ಈಗ ಕ್ಲೆಮ್ ಕೇಳದೆಯೇ ಅವಳ ಪಾಲಿನ ಚೀಸನ್ನೂ ತಿಂದು ಮುಗಿಸುತ್ತಿದ್ದ.

ನವೆಂಬರ್‌ನ ಅಧ್ಯಕ್ಷೀಯ ಚುನಾವಣೆಗೆ ತಿಂಗಳಿರುವಾಗಲೇ ಅವಳು ತಾನು ಕೆಲಸ ಮಾಡುವ ದಂತವೈದ್ಯರ ಚಿಕಿತ್ಸಾಲಯದಲ್ಲಿ ಅರ್ಧ ದಿನದ ರಜೆ ಹೇಳಿದ್ದಳು. ತಮ್ಮನ ಜೊತೆ ಮರೆಯೊಳಗೆ ನಿಂತು, ಹೆಸರು ಓದಿ, ಅವನು ಬೆರಳು ತೋರಿಸಿದ್ದಕ್ಕೆ ತುಂಬಬೇಕು. ಯಾವ ಹೆಸರಾದರೂ ಸರಿ. ಈ ಬಗ್ಗೆ ಒಳಗೊಳಗೇ ಅಭ್ಯಾಸವನ್ನೂ ಮಾಡಿಕೊಂಡಿದ್ದಳು, "ಖಂಡಿತಾನಾ" ಎಂದು ಯಾವ ದನಿಯಲ್ಲಿ ಕೇಳಿದರೆ ಚುಚ್ಚಿದಂತಾಗುವುದಿಲ್ಲ ಎಂದು.

ಆ ದಿನ ಬೆಳಿಗ್ಗೆ ಅಡುಗೆಮನೆಗೆ ಬಂದರೆ ಕ್ಲೆಮ್ ಕೆಲಸದ ಅಂಗಿ ಹಾಕಿಕೊಂಡು ಜೋಳದ ಅವಲಕ್ಕಿಗೆ ಹಾಲು ಸುರಿಯುತ್ತಿದ್ದ. ಟೈ ಇಲ್ಲ.

"ಏನೋ, ಇನ್ನೂ ರೆಡಿಯಾಗಿಲ್ವಾ?"

"ಆಗಿದ್ದೀನಿ. ಬಸ್ಸು ಏಳೂವರೆಗೆ."

"ಓಟು?"

"ಹಾಕಾಯ್ತು."

"ಯಾವಾಗ?"

"ಎರಡು ವಾರ ಆಯ್ತು. ಊರ ಕಚೇರೀಲಿ ಮೊದಲೇ ಹಾಕಬಹುದು. ಲೈಲ್ ಕರ್ಕೊಂಡು ಹೋದ. ಭೂತಗನ್ನಡಿ ಕೊಟ್ರು, ಅಕ್ಷರ ದೊಡ್ಡದಾಗಿ ಕಾಣುತ್ತೆ. ಸೊನ್ನೆ ತುಂಬಕ್ಕೆ ಒಂದು ಯಂತ್ರ ಇದೆ. ಒತ್ತಿದ್ರೆ ಅದೇ ತುಂಬುತ್ತೆ. ಇಷ್ಟು ವರ್ಷ ಯಾರೂ ಹೇಳಿರ್ಲಿಲ್ಲ."

ಮಾರ್ಲಿಸ್ ಕುರ್ಚಿ ಎಳೆದು ಕೂತಳು. "ನಂಗೆ ಹೇಳ್ಬಾರ್ದಿತ್ತಾ?"

"ನೀನು ಕೇಳ್ಲಿಲ್ಲ."

ಅದೂ ನಿಜವೇ. ಅವಳು ಹಾಲಿನ ಡಬ್ಬದ ಮುಚ್ಚಳ ಹಾಕಿ ಪಕ್ಕಕ್ಕಿಟ್ಟಳು.

"ಲೈಲ್ ಹಾಕಿದ್ನಾ?"

"ಇಲ್ಲ. ಹೊರಗೆ ಸಿಗರೇಟು ಸೇದ್ತಿದ್ದ. ಬಾ ಅಂದೆ. ಬರಲ್ಲ ಅಂದ. ಅವನಿಷ್ಟ" ಎಂದು ಕ್ಲೆಮ್ ಬಟ್ಟಲು ತೊಳೆದಿಟ್ಟು, ಕೋಟು ಹಾಕಿಕೊಂಡು ಬಸ್ಸಿಗೆ ಹೋದ.

ಮಾರ್ಲಿಸ್ ಒಬ್ಬಳೇ ಅಗ್ನಿಶಾಮಕ ಠಾಣೆಗೆ ಹೋದಳು. ಸಾಲು ರಸ್ತೆಯ ತಿರುವಿನವರೆಗೆ ಇತ್ತು. ಮೇಜಿನ ಹಿಂದಿದ್ದ ಆರ್ಡಿಸ್ ಅವಳ ಹಿಂದೆ ಮುಂದೆ ಕಣ್ಣಾಡಿಸಿ, "ತಮ್ಮ ಎಲ್ಲಿ?" ಎಂದರು.

"ಯಾವತ್ತೋ ಹಾಕಿದ್ದಾನಂತೆ. ನಂಗೆ ಹೇಳ್ಲೂ ಇಲ್ಲ ಮಹಾರಾಯ."

"ಹೋ, ಹಾಗೋ!" ಎಂದು ಆರ್ಡಿಸ್ ಮತಪತ್ರ ಹರಿದುಕೊಟ್ಟರು.

ಮರೆಯೊಳಗೆ ಅವಳು ಅಧ್ಯಕ್ಷರ ಸಾಲನ್ನು ತಕ್ಷಣ ತುಂಬಿದಳು. ಅದಕ್ಕೆ ಯೋಚನೆ ಬೇಕಿರಲಿಲ್ಲ. ಸಂಸತ್ತಿನ ಸಾಲಿಗೆ ಬಂದಾಗ, ಪಕ್ಷದ ಹೆಸರು ನೋಡಿ ಪೆನ್ನಿಳಿಸುವ ಮೊದಲು, ಎರಡೂ ಹೆಸರುಗಳ ಮೇಲೆ ಬೆರಳಿಟ್ಟು ಓದಿದಳು. ಕೊನೆಗೆ ತುಂಬಿದ್ದು ಎಂದಿನ ಪಕ್ಷಕ್ಕೇ. ಆದರೂ ಓದಿದಳು. ಕೆಳಗಿನ ಎರಡು ಹುದ್ದೆಗಳಿಗೆ ನಿಂತವರ ಬಗ್ಗೆ ಅವಳಿಗೆ ಏನೇನೂ ತಿಳಿದಿರಲಿಲ್ಲ. ಆ ಸೊನ್ನೆಗಳನ್ನು ಖಾಲಿ ಬಿಟ್ಟಳು. ಯಂತ್ರ ಮತಪತ್ರ ನುಂಗಿತು.

ಎಂಟೂವರೆಗೆಲ್ಲ ಕೆಲಸ ಮುಗಿದಿತ್ತು. ಮಧ್ಯಾಹ್ನದವರೆಗೆ ರಜೆ. ಮನೆಗೆ ಹೋಗಲು ಮನಸ್ಸಾಗಲಿಲ್ಲ. ಹೊಳೆಯ ಪಕ್ಕದ ಪುಟ್ಟ ಹೋಟೆಲಿಗೆ ಹೋಗಿ ಕಿಟಕಿಯ ಬಳಿ ಕೂತು ಮೊಟ್ಟೆ, ಹುರಿದ ಆಲೂಗಡ್ಡೆ ತರಿಸಿಕೊಂಡಳು. ಪಕ್ಕದ ಮೇಜಿನಲ್ಲಿ ಇಬ್ಬರು ಮುದುಕರು ಒಬ್ಬೊಬ್ಬರು ಒಂದೊಂದು ಪಕ್ಷ ಹಿಡಿದು ತಟ್ಟೆ ಕುಟ್ಟುತ್ತ ಜಗಳವಾಡುತ್ತಿದ್ದರು. ಇಬ್ಬರಲ್ಲಿ ಒಬ್ಬ ಮಾತು ನಿಲ್ಲಿಸದೆಯೇ ಇವಳ ಕಡೆ ತಿರುಗಿ ಟೊಮೆಟೊ ಸಾಸ್ ಬಾಟಲಿ ಕೇಳಿದ. ಮಾರ್ಲಿಸ್ ಕೊಟ್ಟಳು. ಅವನು ಅದನ್ನು ಮೊದಲು ಎದುರಿದ್ದವನ ತಟ್ಟೆಗೆ ಹಾಕಿ, ಆಮೇಲೆ ತನ್ನದಕ್ಕೆ ಹಾಕಿಕೊಂಡು, ಜಗಳ ಮುಂದುವರಿಸಿದ.